ಯಾರ ಮೂಲಕ ಬಂದದ್ದು?

ನಮ್ಮ ಮಗಳು ‘ಗೋ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಾಳೆ. ಅದಕ್ಕೆ ಹೊರಗಿನಿಂದ ತಂದ ಮಾಡ್ಯೂಲುಗಳ ಪಟ್ಟಿಯೊಂದು ಮೊನ್ನೆ ನಮ್ಮ ಕಣ್ಣಿಗೆ ಬಿತ್ತು. ಕಚೇರಿಯಲ್ಲಿ ದಾಸ್ತಾನು ಪುಸ್ತಕ ನೋಡುವ ನಮಗೆ ಪಟ್ಟಿ ಕಂಡರೆ ಓದದೆ ಬಿಡುವ ಅಭ್ಯಾಸವಿಲ್ಲ. ಅವಳು ತಾನಾಗಿ ಕರೆದದ್ದು 2 ಮಾಡ್ಯೂಲು, ಪಟ್ಟಿಯಲ್ಲಿದ್ದದ್ದು 19! ಉಳಿದ 17ರ ಮುಂದೆ ‘ಇಂಡೈರೆಕ್ಟ್’ ಎಂಬ ಷರಾ.

ಮದುವೆಗೆ ಇಬ್ಬರನ್ನು ಕರೆದರೆ ಅವರು ತಮ್ಮವರನ್ನು, ಅವರು ಮತ್ತೆ ತಮ್ಮವರನ್ನು ಕರೆತಂದ ಹಾಗೆ. 2021ರಲ್ಲಿ ಬಂದ ಗೋ 1.17ರಿಂದ ಈ ಪರೋಕ್ಷ ಬಳಗವನ್ನೂ ಹೆಸರು ಹಿಡಿದು ಬರೆದಿಡುತ್ತಾರೆ. ಅವರಿಗೆ ಪಂಕ್ತಿಯೂ ಬೇರೆ. ‘ಗೋ ಮಾಡ್ ವೈ’ ಎಂದು ಕೇಳಿದರೆ ಯಾರು ಯಾರ ಮೂಲಕ ಬಂದರೆಂದು ತಿಳಿಯುತ್ತದೆ. ಇಬ್ಬರು ಒಂದೇ ಮಾಡ್ಯೂಲನ್ನು ಬೇಡಿ, ಒಬ್ಬನಿಗೆ ಕನಿಷ್ಠ 1.2, ಇನ್ನೊಬ್ಬನಿಗೆ ಕನಿಷ್ಠ 1.4 ಬೇಕಾದರೆ 1.4 ಬರುತ್ತದೆ. ಪೇಟೆಯಲ್ಲಿ 1.9 ಬಂದಿದೆಯೆಂದು ಅದನ್ನು ತರುವುದಿಲ್ಲ. ಈ ಮಿತವ್ಯಯ ನಮಗೆ ಹಿಡಿಸಿತು.

ಷರಾ ಅಷ್ಟು ಮುಖ್ಯವೇ ಎಂದು ನೀವು ಕೇಳಬಹುದು. ಹೈದರಾಬಾದಿನ ನಲ್ಲಿಗೆ ಬರುವ ಕೃಷ್ಣೆಯ ನೀರು ನಾಗಾರ್ಜುನಸಾಗರದ್ದು ಎನ್ನುತ್ತೇವೆ. ಅದಕ್ಕೂ ಮೇಲೆ ಶ್ರೀಶೈಲ, ಇನ್ನೂ ಮೇಲೆ ನಮ್ಮ ನಾರಾಯಣಪುರ, ಆಲಮಟ್ಟಿ. ಅಲ್ಲಿ ಮಳೆ ತಪ್ಪಿದರೆ ಇಲ್ಲಿ ಕೊಡ ಖಾಲಿ. 2021ರ ಡಿಸೆಂಬರಿನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ಜಾವಾ ಸಾಮಗ್ರಿಯಲ್ಲಿ ದೋಷವೊಂದು ಬಯಲಾಯಿತು. ಅಪಾಯದ ಅಂಕ 10ಕ್ಕೆ 10. ಪ್ರೋಗ್ರಾಮಿನ ದಿನಚರಿ ಬರೆದಿಡುವುದಷ್ಟೇ ಅದರ ಕೆಲಸ, ನಮ್ಮಂಥ ಗುಮಾಸ್ತನೇ ಎನ್ನಿ. ಬೇರೆ ಬೇರೆ ಸಾಮಗ್ರಿಗಳ ಬೆನ್ನಿಗೆ ಅಂಟಿಕೊಂಡು ಬಂದಿದ್ದ ಅದು ತಮ್ಮಲ್ಲಿದೆಯೋ ಇಲ್ಲವೋ ಎಂದು ಹುಡುಕುವುದೇ ಜಗತ್ತಿನ ಎಷ್ಟೋ ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು.

‘ಗೋ ಮಾಡ್ ಟೈಡಿ’ ಎಂಬ ಆಜ್ಞೆ ಈ ಪಟ್ಟಿಯನ್ನು ಒಪ್ಪ ಮಾಡುತ್ತದೆ. ಕರೆತಂದವನು ಕೈಬಿಟ್ಟು, ಬೇರೆ ಯಾರಿಗೂ ಬೇಡವಾದ ಮಾಡ್ಯೂಲಿನ ಹೆಸರನ್ನು ಅಳಿಸಿಬಿಡುತ್ತದೆ. ನಾವೇ ಅದನ್ನು ನೇರವಾಗಿ ಬಳಸತೊಡಗಿದರೋ, ಷರಾ ಹೋಗಿ ಪಂಕ್ತಿ ಬದಲಾಗುತ್ತದೆ.

“ಹಾಗಾದರೆ ತಮ್ಮನ ಕನ್ನಡದ ಮುಂದೆ ಏನು ಬರೆಯೋಣ?” ಎಂದಳು ಮಗಳು. ಮಾತು ಚುರುಕಾಗಿತ್ತು. ಹುಡುಗನ ಕನ್ನಡವೆಲ್ಲ ಅಜ್ಜಿಯ ಮೂಲಕ ಬಂದದ್ದು. ಅಜ್ಜಿ ಧಾರವಾಡಕ್ಕೆ ಹೋದ ತಿಂಗಳು ಅವನ ಬಾಯಲ್ಲಿ ತೆಲುಗು, ಹಿಂದಿ, ಇಂಗ್ಲಿಷು ಬಿಟ್ಟು ಬೇರೆ ಇರಲಿಲ್ಲ. ಈಗ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ನಾವೇ ಅಕ್ಷರ ತಿದ್ದಿಸುತ್ತಿದ್ದೇವೆ. ಕಾಗುಣಿತ ಮುಗಿದಿದೆ, ಒತ್ತಕ್ಷರದಲ್ಲಿ ಜಗಳ ನಡೆದಿದೆ.