ಕುಣಿಗಲ್ ಎಷ್ಟು ದೂರ?

2024ರ ಜನವರಿಯ ಒಂದು ಮುಂಜಾನೆ, ತಾಯಿಯವರ ಕಾಯಿಲೆ ಉಲ್ಬಣಿಸಿದೆಯೆಂದು ತಮ್ಮನಿಗೆ ದೂರವಾಣಿ ಮಾಡಿದೆ. ಗುಬ್ಬಿಯ ನಮ್ಮ ಮನೆಯಲ್ಲಿ ಆಗತಾನೇ ಬೆಳಕು ಹರಿಯುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿದ್ದ ಅವನಿಗೆ ಅದು ಹಿಂದಿನ ದಿನದ ಸಂಜೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹದಿಮೂರೂವರೆ ಗಂಟೆಗಳ ಅಂತರ. "ಹೊರಡುತ್ತೇನೆ" ಎಂದಷ್ಟೇ ಹೇಳಿದ. ನೇರ ವಿಮಾನದಲ್ಲಿ ಅವನಿಗೆ ಸ್ಥಳವೂ ದೊರೆಯಿತು.

ಅವನು ವಿಮಾನವೇರಿದ ಮೇಲೆ ತಾಯಿ ಗಳಿಗೆಗೊಮ್ಮೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಈಗ ಎಲ್ಲಿದ್ದಾನೆ? ಇನ್ನೆಷ್ಟು ದೂರ?"

ಮಗಳ ಶಾಲೆಯ ಗ್ಲೋಬನ್ನು ಮಂಚದ ಬಳಿ ತಂದು, ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ದಾರವೊಂದನ್ನು ಬಿಗಿಯಾಗಿ ಹಿಡಿದು ತೋರಿಸಿದೆ. ದಾರ ಸಾಗರದ ಮೇಲೆ ಅಡ್ಡಲಾಗಿ ಹೋಗದೆ ಉತ್ತರ ಧ್ರುವದ ಸಮೀಪಕ್ಕೆ ಸರಿಯಿತು. ಅದೇ ಅತಿ ಹತ್ತಿರದ ದಾರಿ. ಸುಮಾರು 14,000 ಕಿಲೋಮೀಟರ್, ಹದಿನೇಳು ಗಂಟೆಗಳ ಹಾರಾಟ. ಭೂಮಿಯ ಸುತ್ತಳತೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಏರ್ ಇಂಡಿಯಾ ಸಂಸ್ಥೆಯ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಈ ಧ್ರುವ ಮಾರ್ಗವಾಗಿ ನಡೆಸಿ ತಂದಿದ್ದರು. ಅದು 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟು, 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಆ ಪ್ರಯಾಣಿಕರ ಭಾನುವಾರವೆಲ್ಲ ಆಕಾಶದಲ್ಲಿಯೇ ಕಳೆದುಹೋಯಿತು!

ಇದೇ ಗುಬ್ಬಿಗೆ ಬಂದು ಸೇವೆಗೈದ ವೆಸ್ಲಿಯನ್ ಮಿಷನರಿ ವಿಲಿಯಂ ಆರ್ಥರ್ 1839ರಲ್ಲಿ ಇಂಗ್ಲೆಂಡಿನಿಂದ ಹಡಗೇರಿದವರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಹಡಗುಗಳು ಆಫ್ರಿಕಾವನ್ನು ಬಳಸಿ ತಿಂಗಳುಗಟ್ಟಲೆ ತೇಲಿ ಬರಬೇಕಿತ್ತು. ತಿಂಗಳುಗಳು ಗಂಟೆಗಳಾದವಲ್ಲ ಎಂದು ನಾನು ತಾಯಿಗೆ ಸಂತೋಷದಿಂದ ವಿವರಿಸುತ್ತಿದ್ದೆ.

ತಾಯಿ ಗ್ಲೋಬಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಇದರಲ್ಲಿ ಕುಣಿಗಲ್ ಎಲ್ಲಿದೆ? ಅದೆಷ್ಟು ದೂರ?" ಎಂದರು.

ನನ್ನ ನಾಲಿಗೆ ಕಟ್ಟಿತು. ಕುಣಿಗಲ್‌ನಲ್ಲಿದ್ದವಳು ನನ್ನ ಅಕ್ಕ. ತೆಂಗಿನ ತೋಟದ ಪಾಲಿನ ಮಾತಿನಲ್ಲಿ ಮುನಿಸು ಬಂದು ಆರು ವರ್ಷಗಳಾಗಿದ್ದವು. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್, ಅಲ್ಲಿ ಬಸ್ಸು ಬದಲಿಸಿದರೆ ಕುಣಿಗಲ್‌ಗೆ ಸುಮಾರು ನಲವತ್ತು. ಎರಡು ಗಂಟೆಯ ದಾರಿ. ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆಯ ತಮ್ಮನಿಗೆ ಮುಂಜಾನೆಯೇ ಸುದ್ದಿ ಮುಟ್ಟಿಸಿದ ನಾನು, ಅಕ್ಕನಿಗೆ ಒಂದು ಮಾತನ್ನೂ ತಿಳಿಸಿರಲಿಲ್ಲ.

ಹಿತ್ತಿಲಿಗೆ ಹೋಗಿ ಅವಳ ಸಂಖ್ಯೆಯನ್ನು ಒತ್ತಿದೆ. ಅವಳು ದೂರಲಿಲ್ಲ, ಅಳಲೂ ಇಲ್ಲ. "ಬಸ್ಸಿದೆ, ಬರುತ್ತೇನೆ" ಎಂದಳು. ಸಂಜೆಯೊಳಗೆ ತಾಯಿಯ ತಲೆದೆಸೆಯಲ್ಲಿ ಕುಳಿತಿದ್ದಳು. ಮರುದಿನ ಬೆಳಿಗ್ಗೆ ದೇವನಹಳ್ಳಿಯಲ್ಲಿ ಇಳಿದು ದೊಡ್ಡಬಳ್ಳಾಪುರದ ಮಾರ್ಗವಾಗಿ ಬಂದ ತಮ್ಮನಿಗೆ ಬಾಗಿಲು ತೆರೆದವಳು ಅವಳೇ.

ಎರಡು ತಿಂಗಳ ಬಳಿಕ ತಾಯಿ ತೀರಿಕೊಂಡರು. ತಮ್ಮ ಅಷ್ಟರಲ್ಲಿ ಕೆಲಸಕ್ಕೆ ಹಿಂದಿರುಗಿದ್ದ. ಎಷ್ಟೇ ವೇಗದ ವಿಮಾನವಾದರೂ ಈ ಬಾರಿ ಅವನನ್ನು ಸಮಯಕ್ಕೆ ತರಲಾಗಲಿಲ್ಲ. ಆದರೆ ಅಕ್ಕ ಇದ್ದಳು. ತಾಯಿಯ ಕೈ ಕೊನೆಯವರೆಗೂ ಅವಳ ಕೈಯಲ್ಲಿತ್ತು.

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಕಡಿಮೆ ಮಾಡುವುದು ನಮ್ಮಂಥವರಿಂದಾಗದು. ಆದರೆ ನಮ್ಮ ಮನೆಯಿಂದ ಒಡಹುಟ್ಟಿದವರ ಮನೆಗಿರುವ ದೂರದಲ್ಲಿ ಎಷ್ಟನ್ನು ನಾವೇ ಬೆಳೆಸಿದ್ದೇವೆಂದು ಒಮ್ಮೆ ಕೇಳಿಕೊಳ್ಳಬಹುದು. ಕುಣಿಗಲ್‌ನ ಬಸ್ಸು ಆ ಆರು ವರ್ಷಗಳಲ್ಲಿಯೂ ಓಡುತ್ತಿತ್ತು.