ಅಂಪೈರ್ ಸೋಲಿಸಿದ ಮ್ಯಾಚು

ಕಳೆದ ಭಾನುವಾರ ಅಕ್ಕನ ಮಗನ ಮ್ಯಾಚಿಗೆ ಹೋಗಿದ್ದೆ. ಹದಿನಾಲ್ಕರ ಒಳಗಿನ ಹುಡುಗರದ್ದು, 30 ಓವರು, ಮ್ಯಾಟ್ ಮೇಲಿನ ಆಟ. ಸ್ಕೋರ್ ಬರೆಯೋರು ಬಂದಿಲ್ಲ ಅಂತ ಕೋಚ್ ಪುಸ್ತಕ ತಂದು ನನ್ನ ಕೈಗಿಟ್ಟರು. ವಾರವೆಲ್ಲ ಎಕ್ಸೆಲ್ ತುಂಬಿಸೋನಿಗೆ ಭಾನುವಾರವೂ ಅದೇ ಹಣೆಬರಹ.

ಗೆಲ್ಲೋಕೆ ಇನ್ನು 9 ರನ್ ಬೇಕು, ನಮ್ಮ ಹುಡುಗ 41. ಚೆಂಡು ಬ್ಯಾಟಿಗೆ ತಾಗಿಯೇ ಪ್ಯಾಡಿಗೆ ಬಡಿಯಿತು. 'ಟಕ್' ಅಂದಿದ್ದು ಬೌಂಡರಿಯಾಚೆ ಕೂತ ನಮಗೂ ಕೇಳಿಸಿತು. ಬ್ಯಾಟಿಗೆ ಮೊದಲು ತಾಗಿದರೆ ಎಲ್‌ಬಿಡಬ್ಲ್ಯೂ ಇಲ್ಲ. ಆದರೂ ಅಂಪೈರ್ ಬೆರಳೆತ್ತಿಬಿಟ್ಟ. 5 ರನ್ನಿಂದ ಸೋತೆವು. ಭಾವ ಸೀದಾ ಮೈದಾನಕ್ಕೆ ನುಗ್ಗಿದರು. ಪಾಪ, ಅಂಪೈರ್ ಅಂದರೆ ಕಾಲೇಜು ಹುಡುಗ, ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತವನು, ಅದು ಅವನ ಎರಡನೇ ಮ್ಯಾಚು.

"ಅವನೇ ಕಣೋ ಸೋಲಿಸಿದ್ದು," ಅಂದರು ಭಾವ ಕಾರಲ್ಲಿ. ನಾನೂ ಹೂಂಗುಟ್ಟಿದೆ. 2008ರ ಸಿಡ್ನಿ ಟೆಸ್ಟ್ ನೆನಪಾಯಿತು. ಸೈಮಂಡ್ಸ್ 30ರಲ್ಲಿ ಕೀಪರ್‌ಗೆ ಕ್ಯಾಚ್ ಕೊಟ್ಟರೂ ಬಕ್ನರ್ ಔಟ್ ಕೊಡಲಿಲ್ಲ. ಔಟಾಗದೆ 162 ಹೊಡೆದ, ಅಂದರೆ ಇನ್ನೂ 132. ನಾವು ಸೋತಿದ್ದು 122 ರನ್ನಿಂದ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆದರೆ ಕೊನೆಯ ದಿನ ಕ್ಲಾರ್ಕ್ ಒಂದೇ ಓವರಿನಲ್ಲಿ 3 ವಿಕೆಟ್ ಕಿತ್ತಿದ್ದನ್ನ ಆ ಲೆಕ್ಕಕ್ಕೆ ನಾನು ಯಾವತ್ತೂ ಸೇರಿಸಿಕೊಂಡಿಲ್ಲ.

ಇವತ್ತಿನ ಪುಸ್ತಕ ಮಾತ್ರ ನನ್ನ ಕೈಯ್ಯಾರೆ ಬರೆದದ್ದು. ನಮ್ಮವರು ಕೊಟ್ಟ ವೈಡ್‌ಗಳೇ 17. ಹೇಳಲೋ ಬೇಡವೋ ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಸೀಟಿಂದ ಅವನೇ ಮಾತಾಡಿದ.

"ಮಾಮ, ನಾನು ಆರು ಹೊಡೆದಿದ್ದಾಗ ಕೀಪರ್ ಹಿಡಿದ್ನಲ್ಲಾ, ಅದು ತಾಗಿತ್ತು."

ಪುಸ್ತಕದಲ್ಲಿ ಆ ಬಾಲಿಗೆ ಬರೀ ಒಂದು ಚುಕ್ಕಿ ಇತ್ತು. ಅವತ್ತು ಅವರೂ ಗಟ್ಟಿಯಾಗಿ ಕೂಗಿದ್ದರು, ಅದೇ ಹುಡುಗ ತಲೆಯಾಡಿಸಿದ್ದ. ಆಚೆ ಟೀಮಿನ ಯಾರೋ ಒಬ್ಬ ಅಪ್ಪ ಬೈದಿದ್ದಕ್ಕೆ ನಾವೆಲ್ಲ ನಕ್ಕಿದ್ದೆವು.

"ಮತ್ತೆ ಯಾಕೋ ನಿಂತೆ?" ಅಂದೆ.

"ಅಂಪೈರ್ ಕೈ ಎತ್ತೋವರೆಗೂ ಕದಲಬೇಡ ಅಂತ ಅಪ್ಪಾನೇ ಹೇಳಿದ್ದು."

ಮುಂದಿನ ಸಿಗ್ನಲ್‌ವರೆಗೂ ಭಾವ ಬಾಯಿ ಬಿಡಲಿಲ್ಲ. ಆಮೇಲೆ, "ಹಸಿವಾಗ್ತಿದ್ಯಾ? ದೋಸೆ ತಿನ್ನೋಣ್ವಾ?" ಅಂದರು.