ಬಂದೂಕಿನ ದುರ್ಬೀನು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯನ್ನು ಪರವಾನಗಿ ಪಡೆದು ಬೇಟೆಯಾಡಲು ಅಲ್ಲಿ ಅವಕಾಶವುಂಟು. "ಸಾರ್, ಬಂದೂಕಿಗೆ ತಿರುಪಿರುವ ಹೊಸ ದುರ್ಬೀನು ಕೊಳ್ಳಬೇಕು, ಯಾವುದಾಗಬಹುದು?" ಎಂದು ಅವನು ದೂರವಾಣಿಯಲ್ಲಿ ಕೇಳಿದಾಗ, ಸಸ್ಯಾಹಾರಿಯಾದ ನನಗೆ ಸಿಟ್ಟೇ ಬಂದಿತು. ಬಳಿಕ ಅವನು ಹಿಂದಿನ ವರ್ಷದ ಸಂಗತಿ ಹೇಳಿದ. ದೂರಕ್ಕೆಂದು ತಿರುಗಿಸಿದ್ದ ತಿರುಪನ್ನು ಮರಳಿ ಸೊನ್ನೆಗೆ ತರಲು ಮರೆತಿದ್ದನಂತೆ. ಗುಂಡು ತಗುಲಿದ ಪ್ರಾಣಿ ಕುಂಟುತ್ತ ಕಾಡು ಸೇರಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ನನ್ನ ಸಿಟ್ಟು ಅಲ್ಲಿಗೆ ನಿಂತಿತು.

ವಿಷಯ ನಮ್ಮ ಒಂಬತ್ತನೆಯ ತರಗತಿಯದೇ. 400 ಗಜ ಕ್ರಮಿಸಲು ಗುಂಡಿಗೆ ಸುಮಾರು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವವು ಅದನ್ನು ನಳಿಕೆಯ ನೇರದಿಂದ 1.2 ಮೀಟರಿನಷ್ಟು ಕೆಳಗೆಳೆದಿರುತ್ತದೆ. ತಿರುಪಿನ ಕೆಲಸ ಆ ಇಳಿತವನ್ನು ಸರಿದೂಗಿಸುವುದು. ಒಂದು ಬಗೆಯ ತಿರುಪಿನಲ್ಲಿ ಪ್ರತಿ 'ಕ್ಲಿಕ್' ಕಾಲು ಮಿನಿಟು, ಅಂದರೆ ಡಿಗ್ರಿಯ 240ರಲ್ಲೊಂದು ಪಾಲು. 400 ಗಜದಲ್ಲಿ ಅದು ಹೆಚ್ಚುಕಡಿಮೆ ಒಂದಿಂಚು. ಇನ್ನೊಂದು ಬಗೆ ಮಿಲ್. ಅದರ ಹತ್ತನೆಯ ಒಂದು ಪಾಲು 100 ಮೀಟರಿನಲ್ಲಿ ಒಂದು ಸೆಂಟಿಮೀಟರು. ಮಿಲ್ ಸುಲಭವೆಂದೆ. "ಜೊತೆಗಾರರೆಲ್ಲ ಗಜ, ಇಂಚು ಅನ್ನುತ್ತಾರೆ ಸಾರ್" ಎಂದ. ಒಪ್ಪಿದೆ. ಆದರೆ ಒಳಗಿನ ಅಡ್ಡಗೆರೆಯ ಅಳತೆಯೂ ತಿರುಪಿನ ಅಳತೆಯೂ ಒಂದೇ ಆಗಿರಲೇಬೇಕು. ಒಂದು ಮಿಲ್, ಇನ್ನೊಂದು ಮಿನಿಟು ಆಗಿರುವವೂ ಮಾರಾಟಕ್ಕೆ ಬಂದಿವೆ.

ಅವನ ಮನಸ್ಸು 25 ಪಟ್ಟು ದೊಡ್ಡದಾಗಿ ತೋರಿಸುವುದರ ಮೇಲಿತ್ತು. ಮಸೂರದ ವ್ಯಾಸ 50 ಮಿಲಿಮೀಟರಾದರೆ, 25ರಲ್ಲಿ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ 2 ಮಿಲಿಮೀಟರು ಮಾತ್ರ, 10ರಲ್ಲಾದರೆ 5. ಮುಸ್ಸಂಜೆಯಲ್ಲಿ ಯಾವುದು ಲೇಸೆಂದು ಅವನೇ ಲೆಕ್ಕ ಹಾಕಿದ. ಆದರೆ ನಾನು ಪಟ್ಟು ಹಿಡಿದದ್ದು ಸೊನ್ನೆಯ ತಡೆಗೆ. ಹಿಂದಕ್ಕೆ ತಿರುಗಿಸಿದಾಗ ತಿರುಪು ಸೊನ್ನೆಯಲ್ಲಿ ಗಟ್ಟಿಯಾಗಿ ನಿಲ್ಲಬೇಕು, ಕತ್ತಲಲ್ಲೂ ಬೆರಳಿಗೆ ತಿಳಿಯಬೇಕು. ಆಗಲೂ ಹಿಂದಕ್ಕೆ ತಿರುಗಿಸುವುದು ಅವನ ಹೊಣೆಯೇ.

ಕೊಂಡ ಮೇಲೆ, ಪ್ರಾಣಿಗೆ ಗುರಿಯಿಡುವ ಮುನ್ನ ಕಾಗದಕ್ಕೆ ಗುರಿಯಿಡು ಎಂದೆ: 100 ಗಜದಲ್ಲಿ ತೂಗುಗುಂಡು ಹಿಡಿದು ಎಳೆದ ಗೆರೆ, ನಲವತ್ತು ಕ್ಲಿಕ್, ಹತ್ತೂವರೆ ಇಂಚು ಏರಬೇಕು, ಮರಳಿಸಿದರೆ ಮೊದಲಿನ ತೂತಿಗೇ ಬರಬೇಕು.

ಮೊನ್ನೆ ಆ ಕಾಗದದ ಚಿತ್ರ ಕಳುಹಿಸಿದ್ದಾನೆ. ಲೆಕ್ಕ ಸರಿಯಿರುವಂತೆ ಕಾಣುತ್ತದೆ. ಆದರೆ ಅಳತೆಪಟ್ಟಿಯನ್ನು ಓರೆಯಾಗಿ ಇಟ್ಟಿದ್ದಾನೆ, ತರಗತಿಯಲ್ಲಿ ಇಡುತ್ತಿದ್ದಂತೆಯೇ. ಇನ್ನೊಮ್ಮೆ ಅಳೆ ಎಂದು ಬರೆದಿದ್ದೇನೆ.